ಎಂಬತ್ತೈದು ಕುದುರೆಯ ಗಣಪತಿ

ಟ್ರ್ಯಾಕ್ಟರ್ ಮಾರೋ ಕೆಲಸದಲ್ಲಿ ನಗು ಬಂದಾಗಲೆಲ್ಲ ನಕ್ಕರೆ ಗಿರಾಕಿ ಎದ್ದು ಹೋಗ್ತಾರೆ. ಅದಕ್ಕೇ ಕೆನ್ನೆ ಒಳಗಡೆ ಕಚ್ಚಿಕೊಂಡು ಕೂತಿರ್ತೀನಿ. ಈ ಯಜಮಾನರ ದೆಸೆಯಿಂದಂತೂ ಕೆನ್ನೆ ಹುಣ್ಣಾಯ್ತು.

೧. ತಿಂದವರು ಯಾರು?

ಹೇರೋಹಳ್ಳಿಯ ಯಜಮಾನರು. ಹೊಲವೆಲ್ಲ ಸೈಟಾಗಿದೆ, ಉಳೋಕೆ ಅಂಗೈಯಗಲ ಮಣ್ಣಿಲ್ಲ. ಆದರೂ ಗಣಪತಿ ಮೆರವಣಿಗೆಗೆ ಅಂತ ಸ್ವಂತ ಟ್ರ್ಯಾಕ್ಟರ್ ಬೇಕಂತೆ. ಹೋದ ವರ್ಷ ಅವರ ಬೀದಿ ಗಣಪತಿ ಮೆರವಣಿಗೆಯಲ್ಲಿ ಬಾಡಿಗೆ ಜನರೇಟರ್ ಕೈಕೊಟ್ಟು, ಪಕ್ಕದ ಬೀದಿಯವರು ಕೇಕೆ ಹಾಕಿ ನಕ್ಕಿದ್ದರು.

"ಈ ಸಲಾನೂ ಮಾನ ಹೋದ್ರೆ ತಲೆ ಎತ್ಕೊಂಡು ಓಡಾಡಕ್ಕಾಗಲ್ಲ ಕಣಪ್ಪ" ಅಂದರು. ಪಾಪ, ಕಣ್ಣಲ್ಲಿ ನೀರೇ ಬಂತು.

ಆಮೇಲೆ ಬ್ರೋಷರ್ ನೋಡಿದರು. "ಇಂಜಿನ್ ನಲವತ್ತೈದು ಎಚ್‌ಪಿ, ಪಿಟಿಓ ನಲವತ್ತು. ಮಿಕ್ಕಿದ್ದು ಯಾರು ತಿಂದ್ರು?"

"ಪಿಟಿಓ ಅಂದ್ರೆ ಹಿಂದೆ ತಿರುಗೋ ಶಾಫ್ಟು ಯಜಮಾನ್ರೇ. ಜನರೇಟರ್ ಸಿಗಿಸೋದು ಅದಕ್ಕೇ. ಇಂಜಿನ್ ಶಕ್ತಿ ಅಲ್ಲಿಗೆ ಬರೋಷ್ಟ್ರಲ್ಲಿ ಗೇರುಗಳು ಒಂದಿಷ್ಟು ತಿಂತವೆ."

"ಹಂಗಾದ್ರೆ ಆ ಗೇರುಗಳನ್ನ ತೆಗೆದು ಕೊಟ್ಬಿಡು."

೨. ಮನೆಯವರ ಲೆಕ್ಕ

ಮಾರನೇ ದಿನ ಹೆಂಡತಿಯನ್ನೂ ಕರಕೊಂಡು ಬಂದರು. ನಾನು ಮತ್ತೆ ಮೊದಲಿಂದ ಶುರು ಮಾಡಿದೆ. ಆಯಮ್ಮ ಕೈ ಅಡ್ಡ ಹಿಡಿದರು.

"ಗೊತ್ತಾಯ್ತು ಬಿಡಪ್ಪ. ಇವ್ರು ಎದ್ದಾಗ ನಲವತ್ತೈದು. ಕಾಫಿ ಕುಡಿದು, ಪೇಪರ್ ಓದಿ, ಫೋನಲ್ಲಿ ಹರಟೆ ಹೊಡೆದು, ಚಪ್ಪಲಿ ಹುಡುಕೋಷ್ಟ್ರಲ್ಲಿ ಎಲ್ಲಾ ಖರ್ಚು. ಸೊಪ್ಪು ತನ್ನಿ ಅಂದ್ರೆ ಪಿಟಿಓ ಸೊನ್ನೆ."

ಯಜಮಾನರು ತಕ್ಷಣ ಟ್ರ್ಯಾಕ್ಟರ್ ಬುಕ್ ಮಾಡಿದರು. ಮಾತು ಅಲ್ಲಿಗೆ ನಿಲ್ಲಲಿ ಅಂತ.

೩. ಉಲ್ಲಾಳದ ಏರು

ವಿಸರ್ಜನೆಗೆ ನನ್ನನ್ನೂ ಕರೆದಿದ್ದರು. ಹೋಗಿ ನೋಡಿದರೆ ಟ್ರಾಲಿಯಲ್ಲಿ ಗಣಪತಿ, ಅದರ ಹಿಂದೆ ಗೋಡೆಯೆತ್ತರ ಸ್ಪೀಕರು, ಮೇಲೆ ಮದುವೆಮನೆಯಷ್ಟು ಲೈಟು. ಎಲ್ಲಕ್ಕೂ ಕರೆಂಟು ಪಿಟಿಓಗೆ ಸಿಗಿಸಿದ ಜನರೇಟರಿಂದ.

"ಇಷ್ಟೊಂದಾ ಯಜಮಾನ್ರೇ?"

"ಚಕ್ರಕ್ಕೆ ನಲವತ್ತೈದು, ಹಿಂದಕ್ಕೆ ನಲವತ್ತು. ಎಂಬತ್ತೈದು ಕುದುರೆ ಕಣಪ್ಪ!"

"ಅಯ್ಯೋ! ಅವು ಬೇರೆ ಬೇರೆ ಅಲ್ಲ. ಎಳೆಯೋದು, ದೀಪ ಉರಿಸೋದು ಎರಡೂ ಆ ಒಂದೇ ಇಂಜಿನ್ನು!"

"ಶುಭಕಾರ್ಯದಲ್ಲಿ ಅಪಶಕುನ ನುಡೀಬೇಡ, ಸುಮ್ನಿರು."

ಹೇರೋಹಳ್ಳಿ ಪಕ್ಕದ ಉಲ್ಲಾಳದ ಏರಿನಲ್ಲಿ ಇಂಜಿನ್ ಮುಕ್ಕಿರಿಯಿತು. ಲೈಟು ಮಂಕಾಯ್ತು. ಟ್ರ್ಯಾಕ್ಟರ್ ಒಂದು ಗುಂಡಿಗೆ ಇಳಿದು ನಿಂತೇಬಿಟ್ಟಿತು. ಹಿಂದೆಯೇ ಬರುತ್ತಿತ್ತು ಪಕ್ಕದ ಬೀದಿ ಗಣಪತಿ. ರಸ್ತೆಯೋ ಇಕ್ಕಟ್ಟು, ದಾಟೋಕೆ ಜಾಗವಿಲ್ಲ. ಯಜಮಾನರ ಮುಖ ಸುಣ್ಣ ಬಳಿದಂಗಾಯ್ತು. ಈ ಸಲ ನನಗೂ ನಗು ಬರಲಿಲ್ಲ.

ಹಾಡು, ಲೈಟು ಎಲ್ಲಾ ಆಫ್ ಮಾಡಿಸಿ, ಮೈಕ್ ಒಂದನ್ನು ಉಳಿಸಿ ಮತ್ತೆ ಸ್ಟಾರ್ಟ್ ಮಾಡಿದೆವು. ಚಕ್ರ ಗುಂಡಿಯಿಂದ ಏಳಲೊಲ್ಲದು. ಪಕ್ಕದ ಬೀದಿಯವರು ಕಾದೂ ಕಾದೂ ಸಾಕಾಗಿ, ಬೈಕೊಳ್ಳುತ್ತಲೇ ಬಂದು ನಮ್ಮ ಟ್ರಾಲಿಗೆ ಹೆಗಲು ಕೊಟ್ಟರು. ಟ್ರ್ಯಾಕ್ಟರ್ ಹೊರಟಿತು.

ಯಜಮಾನರು ಛಂಗನೆ ಟ್ರಾಲಿ ಹತ್ತಿ ಮೈಕ್ ಹಿಡಿದರು. "ಭಕ್ತಾದಿಗಳೇ, ತಮ್ಮ ಗಣಪತೀನ ಅಲ್ಲೇ ಬಿಟ್ಟು ನಮ್ಮ ಗಣಪತಿ ಸೇವೆಗೆ ಓಡಿ ಬಂದಿರೋ ಪಕ್ಕದ ಬೀದಿಯವರಿಗೆ ಜೋರಾಗಿ ಒಂದು ಚಪ್ಪಾಳೆ!"