ಮಾವನ ಮಳೆ, ಅತ್ತೆಯ ತೆಪ್ಪ

ನಮ್ಮನೇಲಿ ಯಾರೂ ಬೇಕು ಅಂತ ತಮಾಷೆ ಮಾಡಲ್ಲ. ಎಲ್ಲರೂ ಮುಖ ಗಂಟಿಕ್ಕೊಂಡು, ಬಲು ಗಂಭೀರವಾಗಿ ಒಂದು ಕೆಲಸಕ್ಕೆ ಹೊರಡ್ತಾರೆ, ಅದು ನಗೆಪಾಟಲಾಗಿ ಮನೆಗೆ ವಾಪಸ್ ಬರುತ್ತೆ. ಸೊಸೆಯಾಗಿ ಬಂದಾಗಿನಿಂದ ನೋಡ್ತಾನೇ ಇದೀನಿ. ಅದರಲ್ಲೂ ಈ ಸಲ ಮೇ ತಿಂಗಳ ಕೊನೇಲಿ ನಡೆದದ್ದನ್ನ ಯಾರ ಹತ್ರಾನಾದ್ರೂ ಹೇಳದೆ ಇದ್ರೆ ನನಗೆ ತಿಂದ ಅನ್ನ ಅರಗಲ್ಲ.

ನಮ್ಮದು ಹುಣಸೂರು ಕಡೆ ಹಳ್ಳಿ, ಹೊಗೆಸೊಪ್ಪು ಬೆಳೆಯೋ ಮನೆ. ನಮಗೆ ಬಿಡುವು ಅನ್ನೋದು ಬೇಸಿಗೇಲಿ ಮಾತ್ರ. ಮೇ ಕೊನೇಲಿ ಒಂದು ಹದವಾದ ಮಳೆ ಬಿದ್ರೆ ಸಾಕು, ಊರಿಗೆ ಊರೇ ಸಸಿ ನೆಡೋಕೆ ಹೊಲಕ್ಕಿಳಿಯುತ್ತೆ. ಆವತ್ತು ಕೂಲಿಯಾಳು ಸಿಕ್ಕೋದು ಹುಲಿ ಹಾಲು ಸಿಕ್ಕಿದಂಗೆ. ಹದ ತಪ್ಪಿದ್ರೆ ವರ್ಷದ ಬೆಳೆ ತಪ್ಪಿತು ಅಂತಾನೇ ಲೆಕ್ಕ. ಅದಕ್ಕೇ ನಮ್ಮ ಮಾವ ಮೇ ತಿಂಗಳು ಹುಟ್ಟಿದ ಮೇಲೆ ಊರ ಗಡಿ ದಾಟಲ್ಲ. ಅಂಗಡಿಗೆ ಬೆಂಕಿಪೊಟ್ಟಣ ತರೋಕೆ ಹೋದ್ರೂ ಮೋಡ ನೋಡ್ಕೊಂಡೇ ಹೋಗ್ತಾರೆ.

ಅತ್ತೆಗೆ ಇದ್ದದ್ದು ಒಂದೇ ಆಸೆ. ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಲ್ಲಿ ತೆಪ್ಪದ ಮೇಲೆ ಕೂತು ಒಂದು ಸುತ್ತು ಬರಬೇಕು. ಮದುವೆಯಾದಾಗಿನಿಂದ ಕೇಳ್ತಿದಾರೆ. ಮಾವನದೂ ಮದುವೆಯಾದಾಗಿನಿಂದ ಒಂದೇ ಉತ್ತರ, "ಮಳೆ ಬಂದ್ಬುಟ್ರೆ?"

ಈ ವರ್ಷ ಅತ್ತೆ ಹಟ ಹಿಡಿದ್ರು. ನನ್ನ ಮಗಳಿಗೆ ಸ್ಕೂಲು ಶುರುವಾಗೋಕೆ ಇನ್ನೊಂದು ವಾರ ಇತ್ತು. ಆ ವಾರದಲ್ಲಿ ಪಿರಿಯಾಪಟ್ಟಣದ ಕಡೆ ತಮ್ಮನ ಮನೆ, ಕೆ.ಆರ್. ನಗರದ ಕಡೆ ದೊಡ್ಡ ಮಗಳ ಮನೆ, ಕೊನೇಗೆ ಹಂಪಾಪುರದ ಚಿಕ್ಕ ಮಗಳ ಮನೆ, ಅಲ್ಲಿಂದ ತೆಪ್ಪ ಅಂತ ತೀರ್ಮಾನ ಮಾಡಿದ್ರು. ಮಾವ ಒಪ್ಪಿದ್ರು, ಆದ್ರೆ ಒಂದು ಕರಾರು ಹಾಕಿದ್ರು. ಊರಲ್ಲಿ ಮಳೆ ಬಿತ್ತು ಅಂತ ಫೋನ್ ಬಂದ್ರೆ, ಎಲ್ಲಿದ್ರೂ ಸರಿ, ಅಲ್ಲಿಂದಾನೇ ಗಾಡಿ ತಿರುಗಿಸಬೇಕು. ಅತ್ತೆ ಆಗ್ಲಿ ಬುಡಿ ಅಂದ್ರು.

ಪೂಜೆಗೆ ಬಂದ ಸಸಿ

ಹೊರಡೋ ಬೆಳಿಗ್ಗೆ ಮಾವ ಸಸಿಗಳನ್ನ ಪಕ್ಕದ ಮನೆಯೋರಿಗೆ ಒಪ್ಪಿಸಿದ್ರು. ಮಗಳನ್ನ ಗಂಡನ ಮನೆಗೆ ಕಳಿಸುವಾಗಲೂ ಅಷ್ಟು ಬುದ್ಧಿಮಾತು ಹೇಳಿರಲಿಲ್ಲ. ಅಷ್ಟಾದ್ರೂ ನಂಬಿಕೆ ಬರಲಿಲ್ಲ. ಗಾಡಿ ಹೊರಟಿತು ಅನ್ನೋವಾಗ ಓಡಿ ಹೋಗಿ ಎರಡು ಟ್ರೇ ಸಸಿ ತಂದು ಹಿಂದಿನ ಸೀಟಲ್ಲಿ ನನ್ನ ಪಕ್ಕ ಇಟ್ರು. ಇವು ಹೆಂಗಿರ್ತವೋ ಊರಲ್ಲಿರೋವೂ ಹಂಗೇ ಇರ್ತವೆ, ಕಣ್ಮುಂದೆ ಇದ್ರೆ ಧೈರ್ಯ ಅಂದ್ರು. ಗಾಡಿ ಓಡಿಸ್ತಿದ್ದ ನಮ್ಮ ಯಜಮಾನರು ಅಪ್ಪನಿಗೆ ಎದುರು ಮಾತಾಡೋ ಜನ ಅಲ್ಲ. ನನ್ನ ಮಗಳು ಬೈಲಕುಪ್ಪೆವರೆಗೂ ಟ್ರೇ ಪಕ್ಕ ಮುದುಡಿಕೊಂಡೇ ಕೂತಿದ್ಲು.

ಅತ್ತೆಯ ತಮ್ಮನ ಮನೇಲಿ ತಿಂಡಿ ಮುಗಿಸಿ, ಕೊಪ್ಪದಲ್ಲಿ ಟೀ ಕುಡಿದು ಬೈಲಕುಪ್ಪೆಯ ಟಿಬೆಟನ್ನರ ಗೋಲ್ಡನ್ ಟೆಂಪಲ್‌ಗೆ ಹೋದ್ವಿ. ಬಿಸಿಲು ಚುರುಗುಟ್ಟುತ್ತಿತ್ತು. ಗಾಡಿ ಒಳಗೆ ಸಸಿ ಬೆಂದು ಹೋಗ್ತವೆ ಅಂತ ಮಾವ ಎರಡೂ ಟ್ರೇ ಎತ್ಕೊಂಡು ಒಳಗೇ ಬಂದ್ರು. ಬಿಳಿ ಪಂಚೆ, ಬಿಳಿ ಶರಟು, ಎರಡು ಕೈಲೂ ಹಸಿರು ಟ್ರೇ. ನೋಡಿದೋರು ಏನು ತಿಳ್ಕೋಬೇಕು? ಜನ ಪಕ್ಕಕ್ಕೆ ಸರಿದು ದಾರಿ ಬಿಟ್ರು. ಒಬ್ಬ ಎಳೇ ವಯಸ್ಸಿನ ಭಿಕ್ಷು ನಗ್ತಾ ಬಂದು ಚೊಂಬಲ್ಲಿ ನೀರು ತಂದುಕೊಟ್ಟ. ಮಾವ ನೆರಳಲ್ಲಿ ಟ್ರೇ ಇಟ್ಟು ಭಕ್ತಿಯಿಂದ ನೀರು ಚಿಮುಕಿಸಿದ್ರು.

ಅಷ್ಟು ಸಾಕಾಯ್ತು. ಕೇರಳದ ಕಡೆಯಿಂದ ಬಂದಿದ್ದ ಒಬ್ಬ ಹೆಂಗಸು ಸೀದಾ ಬಂದು ಸಸಿ ಮುಟ್ಟಿ ಕಣ್ಣಿಗೆ ಒತ್ತಿಕೊಂಡ್ರು. ಮಾವ ಗಾಬರಿಯಾಗಿ, ಕೈ ಮುಗೀಬೇಡಿ ತಾಯಿ, ಹೊಗೆಸೊಪ್ಪು ಅಂತ ಹೇಳಿದ್ರು. ಅವರಿಗೆ ಕನ್ನಡ ಬರಲ್ಲ. ಮಂತ್ರ ಅಂದುಕೊಂಡ್ರೋ ಏನೋ, ಇನ್ನೊಂದು ಸಲ ಕೈ ಮುಗಿದು, ತಲೇಲಿದ್ದ ಮಲ್ಲಿಗೆ ತೆಗೆದು ಟ್ರೇ ಮೇಲಿಟ್ಟು ಹೋದ್ರು. ಅತ್ತೆ ಸೆರಗು ಬಾಯಿಗೆ ಹಿಡ್ಕೊಂಡು ಕೇಳಿದ್ರು, "ಅಲ್ಲಾ ಕಣ್ರೀ, ನೀವು ದೇವ್ರು ನೋಡಕ್ಕೆ ಬಂದ್ರೋ, ನಿಮ್ಮ ದೇವ್ರನ್ನ ತೋರ್ಸಕ್ಕೆ ಬಂದ್ರೋ?"

ಬೀಗರ ಸೌಟು

ಕೆ.ಆರ್. ನಗರದ ಕಡೆ ದೊಡ್ಡ ನಾದಿನಿ ಮನೇಲಿ ಬಾಡೂಟ. ಅಲ್ಲಿ ಊಟ ಮುಗಿಸಿ ಚುಂಚನಕಟ್ಟೆ ಜಲಪಾತ ನೋಡೋದು ಅಂತಿತ್ತು. ಬೇಸಿಗೇಲಿ ಅಲ್ಲಿ ಬಂಡೆ ಬಿಟ್ರೆ ಇನ್ನೇನು ಕಾಣ್ತದೆ ಅಂತ ಮಾವ ದಾರಿಯುದ್ದಕ್ಕೂ ಗೊಣಗಿದ್ರು. ಅವರ ಕಣ್ಣು ಪೂರ್ತಿ ಮೋಡದ ಮೇಲೆ.

ಎಲೆ ಹಾಕಿ ಮುದ್ದೆ, ನಾಟಿಕೋಳಿ ಸಾರು ಬಡಿಸಿದ್ರು. ಎರಡನೇ ಮುದ್ದೆ ಮುರಿಯೋವಾಗ ನಮ್ಮೂರ ದಿಕ್ಕಲ್ಲಿ ಕರ್ರಗೆ ಮೋಡ ಕಟ್ಟಿತು. ಮಾವನ ಮುಖದಲ್ಲಿ ಕಳೆ ಬಂತು. ಸಾಕು ಬೀಗರೇ, ಎದ್ದೆ ಅಂತ ಎಲೆ ಮೇಲೆ ಅಂಗೈ ಅಡ್ಡ ಹಿಡಿದ್ರು. ನಮ್ಮ ಕಡೆ ಕೈ ಅಡ್ಡ ಹಿಡಿದೋರು ನಾಚಿಕೆಗೆ ಹಿಡಿದ್ರು ಅಂತಾನೇ ಅರ್ಥ. ನಾದಿನಿಯ ಮಾವ, ಅಂದ್ರೆ ನಮ್ಮ ಬೀಗರು, ಮೊದಲೇ ಉದಾರಿ. ಒಂದು ಸೌಟು ಸಾರು ಆ ಕೈ ಮೇಲೇ ಸುರಿದ್ರು. ಮಾವ ಕೈ ತೆಗೆದ್ರು. ತೆಗೆದ ಜಾಗಕ್ಕೆ ಮುದ್ದೆ ಬಿತ್ತು. ಬೇಡ ಅಂತ ಬಾಯಿ ಬಿಟ್ರು. ಬೀಗಿತ್ತಿ ಅದಕ್ಕೇ ಕಾಯ್ತಿದ್ದೋರಂಗೆ ಹೋಳಿಗೆ ತುರುಕಿದ್ರು. ಮೋಡ ತನ್ನ ಪಾಡಿಗೆ ತಾನು ಕರಗಿ ಹೋಯ್ತು, ಮಾವ ಮಾತ್ರ ಎಲೆ ಮುಂದೇನೇ ಇದ್ರು.

ಊಟ ಮುಗಿದಾಗ ಅವರನ್ನ ಎಬ್ಬಿಸೋಕೆ ಮಗ ಒಂದು ಕಡೆ, ಅಳಿಯ ಒಂದು ಕಡೆ ಹಿಡೀಬೇಕಾಯ್ತು. ಚುಂಚನಕಟ್ಟೆಗೆ ಹೋದಾಗ ಅವರು ಹೇಳಿದಂಗೇ ಬರೀ ಬಂಡೆ. ಆದ್ರೆ ನೋಡಿದ್ಯಾ ಅನ್ನೋಕೂ ಅವರಿಗೆ ಉಸಿರಿರಲಿಲ್ಲ. ಅದೇ ಬಂಡೆ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆದ್ರು. ಅತ್ತೆ ಮೊಮ್ಮಗಳ ಕೈ ಹಿಡ್ಕೊಂಡು ಸಾಯಂಕಾಲದವರೆಗೂ ಸುತ್ತಾಡಿದ್ರು. ಗಂಡ ಹೊರಡು ಅನ್ನದೇ ಇದ್ದ ಪ್ರವಾಸ ಇದೇ ಮೊದಲು ಕಣಮ್ಮ ಅಂತ ನನ್ನ ಹತ್ರ ಹೇಳ್ಕೊಂಡ್ರು.

ಮಾವ ಸಂಡಿಗೆ ಒಣಗಿಸಿದ್ದು

ಮಧ್ಯೆ ಒಂದು ದಿನ ಮನೇಲಿದ್ವಿ. ನಮ್ಮನೇಲಿ ಒಂದು ಮಾತಿದೆ, ಸಂಡಿಗೆ ಹಾಕಿದ್ರೆ ಮಳೆ ಬಂತು ಅಂತ. ವರ್ಷಾವರ್ಷ ಹಂಗೇ ಆಗಿದೆ. ಹಾಕಿ ಒಳಗೆ ಬರೋದೇ ತಡ, ಮೇಲೆ ಗುಡುಗುತ್ತೆ, ಸಂಡಿಗೆ ಗಂಜಿಯಾಗುತ್ತೆ. ಅದಕ್ಕೇ ಈ ವಾರ ಅತ್ತೆ ಸಬ್ಬಕ್ಕಿ ಡಬ್ಬ ಮುಟ್ಟಿರಲಿಲ್ಲ.

ಬೆಳಿಗ್ಗೆ ಎದ್ದು ನೋಡಿದ್ರೆ ಮಾವ ಅಡುಗೆಮನೇಲಿ. ಸಬ್ಬಕ್ಕಿ ನೆನೆಸಿದೀನಿ, ಸಂಡಿಗೆ ಹಾಕಮ್ಮ, ಒಣಗಿಸೋ ಕೆಲಸ ನನಗೆ ಬುಡು ಅಂದ್ರು. ಜೀವಮಾನದಲ್ಲಿ ಒಂದು ಲೋಟ ಎತ್ತಿಡದ ಮನುಷ್ಯ. ನನಗೆ ಹೊಳೀಲಿಲ್ಲ, ಅತ್ತೆಗೆ ತಕ್ಷಣ ಹೊಳೀತು. ಬಾಗಿಲ ಹತ್ರ ನಿಂತು ಗಂಡನ್ನ ಮೇಲಿಂದ ಕೆಳಗೆ ನೋಡಿ, ಹಾಕಮ್ಮ, ಪಾಪ, ಆಸೆಪಟ್ಟವ್ರೆ ಅಂದ್ರು.

ಹಾಕಿದೆ. ಮಾವ ಮಾಳಿಗೆ ಮೇಲೆ ಛತ್ರಿ ಪಕ್ಕದಲ್ಲಿಟ್ಟುಕೊಂಡು ಕಾಗೆ ಓಡಿಸ್ತಾ ಕೂತ್ರು. ಆವತ್ತಿನಂಥ ಬಿಸಿಲನ್ನ ನಾನು ಕಂಡಿಲ್ಲ. ಮೋಡ ಅನ್ನೋದು ಔಷಧಕ್ಕೂ ಇರಲಿಲ್ಲ. ಸಾಯಂಕಾಲ ಮಾವನ ಮೂಗು ಕೆಂಪಗಾಗಿತ್ತು, ಸಂಡಿಗೆ ಗರಿಗರಿಯಾಗಿತ್ತು. ಈ ಮನೇಲಿ ಸಂಡಿಗೆ ಒಣಗಿದ್ದು ಇದೇ ಮೊದಲು. ಅತ್ತೆ ಅದನ್ನ ಡಬ್ಬಕ್ಕೆ ತುಂಬಿ, ಹಂಪಾಪುರದ ಮಗಳಿಗೆ ಕೊಡುವಾಗ ನಿಮ್ಮಪ್ಪನೇ ಕಾದು ಒಣಗಿಸಿದ್ದು ಕಣವ್ವ ಅಂತ ಹೊಗಳಿದ್ರು. ಮಾವ ಅದನ್ನ ಕೇಳಿಯೂ ಕೇಳಿಸದಂಗೆ ಎದ್ದು ಕೊಟ್ಟಿಗೆ ಕಡೆ ಹೋದ್ರು.

ತೆಪ್ಪ

ಹಂಪಾಪುರದಲ್ಲಿ ರಾತ್ರಿ ಉಳಿದು, ಬೆಳಿಗ್ಗೆ ದಾರೀಲಿ ಹ್ಯಾಂಡ್‌ಪೋಸ್ಟ್ ಸರ್ಕಲ್‌ನಲ್ಲಿ ಇಡ್ಲಿ ತಿಂದು ಹಿನ್ನೀರಿನ ಕಡೆ ಹೋದ್ವಿ. ಚಿಕ್ಕ ನಾದಿನಿಯ ಗಂಡನಿಗೆ ಪರಿಚಯದ ಮೀನುಗಾರನೊಬ್ಬ ತೆಪ್ಪ ತಂದು ಕಾಯ್ತಿದ್ದ. ಅತ್ತೆ ಹೊಸ ಸೀರೆ ಉಟ್ಟಿದ್ರು. ಚಪ್ಪಲಿ ಬಿಟ್ಟು, ಒಂದು ಕಾಲು ತೆಪ್ಪದೊಳಗೆ ಇಟ್ಟಿದ್ರು. ಆಗ ಮಾವನ ಫೋನು ಬಡ್ಕೊಂತು.

ಪಕ್ಕದ ಮನೆಯೋರು. ರಾತ್ರಿ ಊರಲ್ಲಿ ಒಳ್ಳೇ ಮಳೆಯಾಗಿತ್ತು. ಮಣ್ಣು ಹದವಾಗಿದೆ, ಎಲ್ಲರೂ ಸಸಿ ತಗೊಂಡು ಹೊಲಕ್ಕಿಳಿದಿದಾರೆ, ಒಂದು ಆಳೂ ಉಳಿದಿಲ್ಲ ಅಂದ್ರು.

ಮಾವ ನಡೀರಿ ಅಂದ್ರು. ಯಜಮಾನರ ಕೈ ಆಗಲೇ ಗಾಡಿ ಕೀ ಮೇಲಿತ್ತು. ಇಷ್ಟು ವರ್ಷ ಕಾದು, ಒಂದು ಕಾಲು ಒಳಗಿಟ್ಟ ಮೇಲೆ ವಾಪಸ್ಸಾ? ಮಗಳು ಅಳೋಕೇ ಶುರು ಮಾಡಿದ್ಲು. ಅತ್ತೆ ಮಾತ್ರ ಕಾಲು ಹಿಂದಕ್ಕೆ ತಗೊಂಡು, ದಂಡೆ ಮೇಲೆ ಒಂದು ಕಲ್ಲು ನೋಡಿ ಕೂತ್ರು.

"ಕರಾರು ಕರಾರೇ ಕಣ್ರೀ. ನಾನು ಇಲ್ಲ ಅಂದ್ನಾ? ಆದ್ರೆ ಗಾಡಿ ತಿರುಗ್ಸಾದು ಸಸಿ ನೆಡಕ್ಕೆ ತಾನೇ? ಸಸಿ ನೆಟ್ರಾಯ್ತು ಬುಡಿ," ಅಂತ ಹೇಳಿ ನನ್ನ ಫೋನು ಈಸಿಕೊಂಡ್ರು.

ಮೊದಲು ಕೆ.ಆರ್. ನಗರದ ಬೀಗರಿಗೆ. ಅವರ ಗದ್ದೆ ಕೆಲಸ ಇನ್ನೂ ಶುರುವಾಗಿಲ್ಲ, ಮನೆ ತುಂಬ ಜನ. ಆಮೇಲೆ ಪಿರಿಯಾಪಟ್ಟಣದ ತಮ್ಮನಿಗೆ. ಅವನು ಶುಂಠಿ ಹಾಕಿ ಮುಗಿಸಿ ಕೂತಿದ್ದ. ಕೊನೇಗೆ ಹಂಪಾಪುರದ ಮಗಳ ಮನೆಗೇ. ಅವರದು ಹತ್ತಿ ಬಿತ್ತಿ ಆಗಿತ್ತು. ಮೂರೂ ಕಡೆ ಅತ್ತೆ ಹೇಳಿದ್ದು ಒಂದೇ ಮಾತು, "ನಮ್ಮ ನಾಟಿಗೆ ಮುಯ್ಯಾಳು ಬೇಕು, ಬನ್ನಿ." ಮುಯ್ಯಿ ಅಂದ್ರೆ ಗೊತ್ತಲ್ಲ, ಇವತ್ತು ನೀವು ನಮ್ಮ ಹೊಲಕ್ಕೆ ಬಂದು ದುಡಿದ್ರೆ, ನಾಳೆ ನಾವು ನಿಮ್ಮ ಹೊಲಕ್ಕೆ ಬಂದು ದುಡೀಬೇಕು. ಅದರಲ್ಲಿ ದುಡ್ಡಿನ ಮಾತಿಲ್ಲ. ಕರೆದ್ರೆ ಇಲ್ಲ ಅನ್ನೋ ಹಂಗೂ ಇಲ್ಲ.

ಬಿಸಿಲು ನೆತ್ತಿಗೇರಿ, ನಾವು ದಂಡೇಲಿ ತಂದಿದ್ದ ಕಡಲೆಕಾಯೆಲ್ಲಾ ತಿಂದು ಮುಗಿಸೋ ಹೊತ್ತಿಗೆ ಪಕ್ಕದ ಮನೆಯೋರ ಫೋನ್ ಮತ್ತೆ ಬಂತು. ನಿಮ್ಮ ಹೊಲದಲ್ಲಿ ಜಾತ್ರೆ ಸೇರಿದಂಗೆ ಜನ ಸೇರಿದಾರೆ, ಟ್ರೇ ಎಲ್ಲಾ ಕೊಟ್ಟಾಯ್ತು, ಸಾಲು ಹಿಡಿದಿದಾರೆ ಅಂದ್ರು. ತೆಪ್ಪದೋನು ಹತ್ತಿ ಯಜಮಾನ್ರೇ ಅಂದ. ಹತ್ತಿದ್ರು.

ನೀರಿನ ಮಧ್ಯಕ್ಕೆ ಹೋಗಿದೀವಿ. ಅತ್ತೆ ಕೈ ನೀರಲ್ಲಿ ಬಿಟ್ಟು ಕೂತಿದಾರೆ. ಆ ಮುಖ ನೋಡಿ ನನಗೆ ಕಣ್ಣು ತುಂಬಿ ಬಂತು, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಮಾವ ಫೋನ್ ಕಿವೀಗಿಟ್ಟುಕೊಂಡು ಸಸಿ ಸಸಿಗೂ ಎಷ್ಟು ಅಂತರ ಬಿಡಬೇಕು ಅಂತ ಕೂಗ್ತಾ, ಅಂತರ ತೋರಿಸೋಕೆ ಎರಡೂ ಕೈ ಅಗಲಿಸಿ ಎದ್ದೇ ನಿಂತುಬಿಟ್ರು. ಅಲ್ಲಿರೋರಿಗೆ ಕಾಣುತ್ತೆ ಅಂದುಕೊಂಡ್ರೋ ಏನೋ. ತೆಪ್ಪ ಗಿರ್ರನೆ ತಿರುಗಿತು. ಅತ್ತೆ ಪಂಚೆ ಹಿಡಿದು ಎಳೆದು ಕೂರಿಸಿದ್ರು. ತೆಪ್ಪದೋನು, ನಾಟಿ ನೀರಲ್ಲಿ ಬ್ಯಾಡ ಯಜಮಾನ್ರೇ ಅಂದ.

ಸಾಯಂಕಾಲ ಮನೆಗೆ ಬಂದ್ರೆ ಹೊಲ ಪೂರ್ತಿ ನೆಟ್ಟಾಗಿತ್ತು. ಊರಲ್ಲಿ ಮೊದಲು ನಾಟಿ ಮುಗಿಸಿದ ಮನೆ ನಮ್ಮದೇ. ಮಾವ ಬದು ಮೇಲೆ ಎದೆ ಸೆಟೆಸಿಕೊಂಡು ಓಡಾಡಿದ್ರು, ದಾರೀಲಿ ಹೋಗೋರನ್ನ ಕರೆದು ತೋರಿಸಿದ್ರು. ಜಗಲಿ ಮೇಲೆ ಕೂತು ಎಲ್ಲರೂ ಊಟ ಮಾಡಿದ್ರು.

ಕೈ ತೊಳೀತಾ ಬೀಗರು ಶುರು ಮಾಡಿದ್ರು. ಆಷಾಢದಲ್ಲಿ ನಮ್ಮ ಗದ್ದೆ ನಾಟಿ ಬೀಗರೇ, ಗಂಡ ಹೆಂಡ್ತಿ ಇಬ್ರೂ ಬಂದು ನಾಕು ದಿನ ಇರ್ಬೇಕು ಅಂದ್ರು. ಹಂಪಾಪುರದ ಅಳಿಯ, ದಸರಾ ಕಳೀತಿದ್ದಂಗೆ ಹತ್ತಿ ಬಿಡಿಸೋಕೆ ನೀವು ಬರದೇ ಇದ್ರೆ ಆಗಲ್ಲ ಮಾವ ಅಂದ. ಅತ್ತೆಯ ತಮ್ಮ, ಸಂಕ್ರಾಂತಿ ಹೊತ್ತಿಗೆ ಶುಂಠಿ ಕೀಳೋದು, ಭಾವನೋರೇ, ಈಗಲೇ ಹೇಳಿಬಿಟ್ಟಿದೀನಿ ಅಂದ. ಮುಯ್ಯಿಗೆ ಕೂಲಿ ಕೊಟ್ಟು ಕೈ ತೊಳ್ಕೊಳ್ಳೋಕಾಗಲ್ಲ, ಮನೆ ಯಜಮಾನನೇ ಹೋಗಬೇಕು. ಇಲ್ಲದೇ ಇದ್ರೆ ಮರ್ಯಾದೆ ಹೋಯ್ತು.

ಅತ್ತೆ ಕಂಬಕ್ಕೆ ಒರಗಿ ಎಲೆ ಅಡಿಕೆ ಹಾಕ್ಕೊಳ್ತಿದ್ರು. ಮಾವ ಒಬ್ಬೊಬ್ಬರ ಮುಖಾನೂ ನೋಡಿದ್ರು, ಕೊನೇಗೆ ನನ್ನ ಕಡೆ ತಿರುಗಿದ್ರು.

"ನೋಡ್ದಾ ಕಣಮ್ಮ? ಇವ್ಳು ನಾಟಿ ಮಾಡ್ಸಿಲ್ಲ. ನಂಗೆ ವರ್ಷಪೂರ್ತಿ ಟೂರ್ ಹಾಕ್ಸವ್ಳೆ."

ಅತ್ತೆ ನಿಧಾನವಾಗಿ ಸುಣ್ಣ ಸವರಿ, ಎಲೆ ಮಡಚಿ ಬಾಯಿಗಿಟ್ಟುಕೊಂಡ್ರು.

"ಆಸಾಡಕ್ಕೆ ಇನ್ನೂ ಬೋ ದಿನ ಐತೆ ಕಣ್ರೀ. ಅಲ್ಲೀಗಂಟ ಎಲ್ಲಿಗೋಗುವ, ಅದ್ನ ಯೋಳಿ."