ಎಲ್ಲಿಗೂ ಹೋಗದ ನೀರಿಗೆ ಒಂದು ಪಂಪು

ಹುಣಸೂರಿನಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನು ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಶಟರ್ ಎತ್ತಿದರೆ ಸಾಕು, ಒಂದಲ್ಲ ಒಂದು ತಮಾಷೆ ತಾನಾಗಿ ಒಳಗೆ ಬರುತ್ತದೆ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾಲೇಜಿನ ಪ್ರಾಣಿಶಾಸ್ತ್ರದ ಮೇಷ್ಟ್ರು ಬಂದಿದ್ದೂ ಹಾಗೆಯೇ.

೧. ಎಷ್ಟು ಅಡಿ?

"ಒಂದು ಪಂಪು ಬೇಕಿತ್ತಲ್ಲ" ಎಂದರು.

"ಎಷ್ಟು ಅಡಿ ಸಾರ್?"

"ಒಂದೂವರೆ."

ಇನ್ನೂರು ಮುನ್ನೂರು ಅಡಿಯಲ್ಲೇ ಬಾಳಿದವನು ನಾನು. ಪೆನ್ನು ಕೆಳಗಿಟ್ಟೆ. ಅವರ ಮನೆಯಲ್ಲಿ ಗಾಜಿನ ತೊಟ್ಟಿಯಂತೆ, ಅದರೊಳಗೆ ಉಪ್ಪುನೀರಂತೆ, ಕಣ್ಣೂರಿನ ಸ್ನೇಹಿತರು ಕೊಟ್ಟ ಎರಡು ಪುಟ್ಟ ಮೀನು, ಒಂದು ಕಡಲಹೂವು.

"ಹೂವು ಅಂತ ಹೆಸರಷ್ಟೇ, ಅದು ಪ್ರಾಣಿ ಕಣಪ್ಪ. ಕೂತಲ್ಲೇ ಕೂತಿರುತ್ತೆ, ಊಟಾನ ನೀರೇ ತಂದುಕೊಡಬೇಕು. ನೀರು ಓಡಾಡದಿದ್ರೆ ಈ ವಾರದಲ್ಲಿ ಸತ್ತೋಗುತ್ತೆ" ಎಂದರು.

ಮೋಟರ್ ರಿಪೇರಿಗೆ ಕೊಟ್ಟು ಬೆಂಚಿನ ಮೇಲೆ ಕೂತಿದ್ದ ಹನಗೋಡಿನ ಅಜ್ಜ ಎಲ್ಲಿ ಕೊರೆದರೆ ನೀರು ಬೀಳುತ್ತದೆಂದು ಬೋರ್‌ವೆಲ್ಲಿಗೆ ಪಾಯಿಂಟ್ ನೋಡುವವರು. "ಆ ನೀರು ಎಲ್ಲಿಗೋಗ್ಬೇಕು ಮೇಷ್ಟ್ರೇ?" ಎಂದು ಕೇಳಿದರು.

"ಎಲ್ಲಿಗೂ ಇಲ್ಲ. ಅಲ್ಲೇ ಸುತ್ತಬೇಕು."

ಅಜ್ಜ ನನ್ನ ಕಡೆ ತಿರುಗಿ, "ಯಾವ್ದಾನಾ ಕೊಟ್ಬುಡ್ಲಾ. ಕೆಟ್ಟೋದ್ರೂ ಗೊತ್ತಾಗಾಕಿಲ್ಲ" ಎಂದರು.

೨. ಕೂಲರ್ ಪಂಪು

ನನ್ನಲ್ಲಿದ್ದ ಅತಿ ಚಿಕ್ಕದೆಂದರೆ ಏರ್ ಕೂಲರಿನ ಪಂಪು. ನಾನೇ ಹೋಗಿ ಜೋಡಿಸಿ ಜಂಬದಿಂದ ಸ್ವಿಚ್ ಒತ್ತಿದೆ. ತಳದ ಮರಳೆಲ್ಲ ಎದ್ದು ಮೂಲೆಯಲ್ಲಿ ಗುಡ್ಡೆ ಬಿತ್ತು. ಮೀನುಗಳು ಎದುರಿನ ಗಾಜಿಗೆ ಅಂಟಿಕೊಂಡವು. ಕಡಲಹೂವು ಮುದುಡಿ ನಿಂಬೆಹಣ್ಣಿನಷ್ಟಾಯಿತು. ಮೇಷ್ಟ್ರು ಓಡಿಬಂದು ಸ್ವಿಚ್ ಆರಿಸಿದರು.

"ಫೋರ್ಸ್ ಹೆಂಗಿದೆ ಸಾರ್?" ಎಂದು ಅಭ್ಯಾಸಬಲದಿಂದ ಕೇಳಿಬಿಟ್ಟೆ.

ಮುಖದ ಮೇಲಿನ ಉಪ್ಪುನೀರು ಒರೆಸಿಕೊಳ್ಳುತ್ತಾ ಮೇಷ್ಟ್ರ ಹೆಂಡತಿ, "ಎಮ್ಮೆ ತೊಳೆಯೋಕೆ ಚೆನ್ನಾಗಿದೆ" ಎಂದರು.

೩. ಮೊದಲ ನೀರು

ಮರುದಿನವೇ ಮೈಸೂರಿನ ಮೀನಿನ ಅಂಗಡಿಗೆ ಓಡಿದೆ. ಉಪ್ಪುನೀರಿಗೆಂದೇ ಮಾಡಿದ, ತುಕ್ಕು ಹಿಡಿಯದ, ಮುಷ್ಟಿಯಷ್ಟು ಚಿಕ್ಕ ಎರಡು ಪಂಪು ತಂದೆ. ನೇರ ಹೊಡೆತ ಬೀಳದ ಹಾಗೆ ಆ ತುದಿಗೊಂದು ಈ ತುದಿಗೊಂದು, ಎರಡೂ ಗಾಜಿಗೆ ಮುಖ ಮಾಡಿ ಕೂರಿಸಿದೆ. ಅಜ್ಜನೂ ನೋಡಲೇಬೇಕೆಂದು ಜೊತೆಗೆ ಬಂದಿದ್ದರು.

ಸ್ವಿಚ್ ಹಾಕಿ ತೊಟ್ಟಿಯ ಮುಂದೆ ನಿಂತೆವು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಆ ಮುದುಡಿದ ಮುದ್ದೆಯಿಂದ ಒಂದು ಬೆರಳು ಹೊರಬಂತು, ಇನ್ನೊಂದು ಬಂತು, ನೋಡನೋಡುತ್ತ ನೂರಾರು ಬೆರಳು ಬಿಚ್ಚಿಕೊಂಡು ನೀರಿನಲ್ಲಿ ಓಲಾಡತೊಡಗಿದವು. ಮೀನುಗಳು ತಮ್ಮ ಮನೆಗೆ ಹೋದಂತೆ ಹೋಗಿ ಅದರೊಳಗೆ ಮಲಗಿದವು. ಇಷ್ಟು ವರ್ಷ ನೀರೆತ್ತಿದ್ದೇನೆ, ನೀರು ಒಂದು ಜೀವವನ್ನು ಎಬ್ಬಿಸಿ ಕೂರಿಸುವುದನ್ನು ಕಣ್ಣಾರೆ ಕಂಡಿದ್ದು ಅಂದೇ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು.

"ಅಬ್ಬಬ್ಬಾ, ಸಮುದ್ರದೊಳ್ಗೆ ಇಂಗೆಲ್ಲಾ ಅದ್ಯಾ!" ಎಂದು ಅಜ್ಜ ಕೈಮುಗಿದರು.

ನಮ್ಮ ಕಡೆ ಹೊಸ ಮೋಟರ್ ಹಾಕಿದಾಗ ಮೊದಲ ನೀರನ್ನು ಹಿರಿಯರು ತೀರ್ಥವೆಂದು ಕುಡಿಯಬೇಕು. ನಾವು ತಡೆಯುವುದರೊಳಗೆ ಅಜ್ಜ ಬೊಗಸೆ ತುಂಬ ಎತ್ತಿ ಕುಡಿದೇಬಿಟ್ಟರು. ಮುಖ ಹಿಂಡಿಕೊಂಡಿತು. ತೀರ್ಥವಲ್ಲವೇ, ಉಗಿಯುವಂತಿಲ್ಲ, ಕಷ್ಟಪಟ್ಟು ನುಂಗಿದರು. ಆಮೇಲೆ ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು ಗಂಭೀರವಾಗಿ ಹೇಳಿದರು:

"ನೀರು ಬೇಜಾನ್ ಬಿದ್ದದೆ ಮೇಷ್ಟ್ರೇ. ಭತ್ತ ಮಾತ್ರ ಆಕ್ಬ್ಯಾಡಿ ಕಣ್ರೀ."