ತಾರಿಹಾಳದಲ್ಲಿ ಬರ್ಫ ಕೊರೆದದ್ದು

ಒಂದು ಕಡೆ ಕೂರಲಾಗದವನ ಪಾಲಿಗೇ ಕಾಯುವ ಕೆಲಸಗಳು ಬಂದು ಬೀಳುತ್ತವೆ, ನನ್ನ ವಿಷಯದಲ್ಲಂತೂ ಇದು ತಪ್ಪಿದ್ದೇ ಇಲ್ಲ. ಹುಬ್ಬಳ್ಳಿ ಬದಿಯ ತಾರಿಹಾಳದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸೂಪರ್‌ವೈಸರ್. ಚಹಾ ಆರುವ ತನಕ ಕಾಯಲಾರದೆ ದಿನಾ ನಾಲಿಗೆ ಸುಟ್ಟುಕೊಳ್ಳುವ ಜಾತಿಯವನು. ಹೋದ ವರ್ಷ ಪಂಪಿನ ಬಿಡಿಭಾಗಗಳ ಆರ್ಡರುಗಳು ಒಂದೊಂದಾಗಿ ನಿಂತು, ಇನ್ನೇನು ಬಾಗಿಲಿಗೆ ಕೀಲಿ ಬೀಳುತ್ತದೆ ಅನ್ನುವಾಗ ಕೆನಡಾದ ವ್ಯಾಪಾರಿಯೊಬ್ಬನ ಪತ್ರ ಬಂತು. ಮಂಜುಗಡ್ಡೆ ಕೊರೆಯುವ ಕೈಬೈರಿಗೆ ಬೇಕಂತೆ. ನಮ್ಮ ಮಾದರಿ ಪಾಸಾದರೆ ಕಾರ್ಖಾನೆಯ ಒಂಬತ್ತು ಮಂದಿಯೂ ಉಳಿದೆವು, ಇಲ್ಲವಾದರೆ ಎಲ್ಲರೂ ಮನೆಗೆ. ಮಾದರಿ ತಯಾರಾಗಿ ಪಾಸಾಗುವ ತನಕದ ಎರಡು ತಿಂಗಳು ನನಗೆ ಊಟ ರುಚಿಸಲಿಲ್ಲ.

ಬಕೀಟಿನ ಮೇಲೆ ಕೂತವನು

ನಮ್ಮ ಲೇಥ್ ಮಿಸ್ತ್ರಿ ಹಳೇ ಹುಬ್ಬಳ್ಳಿಯವರು, ನಮಗೆಲ್ಲ ಚಾಚಾ. ಏನನ್ನು ಕೊಯ್ಯಬೇಕು ಅಂತ ತಿಳಿಯದೆ ಅವರು ಅಲಗಿಗೆ ಕೈ ಹಚ್ಚುವುದಿಲ್ಲ. ಕೆನಡಾದಲ್ಲಿ ಚಳಿಗಾಲಕ್ಕೆ ಕೆರೆಯ ನೀರು ಎರಡು ಅಡಿ ದಪ್ಪ ಗಟ್ಟಿಯಾಗುತ್ತದೆ, ಜನ ಅದರ ಮೇಲೆ ನಡೆದು ಹೋಗಿ, ತೂತು ಕೊರೆದು, ಗಾಳ ಬಿಟ್ಟು ವಾಲೈ ಅನ್ನುವ ಮೀನು ಹಿಡಿಯುತ್ತಾರೆ ಎಂದು ಹೇಳಿದೆ. ಸಂತೆಯಲ್ಲಿ ಮೀನು ಸಿಗುವುದಿಲ್ಲವೇ ಎಂದು ಕೇಳಿದರು. ಸಿಗುತ್ತದೆ ಎಂದೆ. ಅವರಿಗೆ ಇನ್ನಷ್ಟು ಗೊಂದಲವಾಯಿತು.

ಕೊನೆಗೆ ಮೊಬೈಲಿನಲ್ಲಿ ವಿಡಿಯೊ ಹಚ್ಚಿ ಕೊಟ್ಟೆ. ಎಲ್ಲಿ ನೋಡಿದರೂ ಬಿಳಿ ಬಯಲು. ನಡುವೆ ಒಬ್ಬ ಬಕೀಟು ಬೋರಲು ಹಾಕಿಕೊಂಡು ಕೂತು ತೂತು ನೋಡುತ್ತಿದ್ದಾನೆ. ಐದು ನಿಮಿಷವಾಯಿತು, ಹತ್ತಾಯಿತು. ನಾನು ಮುಂದಕ್ಕೆ ಓಡಿಸಲು ಹೋದರೆ ಚಾಚಾ ಕೈ ಹಿಡಿದು ತಡೆದರು. ಮೀನು ಬರಲಿಲ್ಲ, ಅವನೂ ಏಳಲಿಲ್ಲ. ಮೊಬೈಲು ವಾಪಸು ಕೊಡುತ್ತ ಚಾಚಾ ಮೆಲ್ಲಗೆ ಕೇಳಿದರು:

"ಸಾಹೇಬ್ರ, ಇಂವಗ ಮನ್ಯಾಗ ಏನರ ತ್ರಾಸ ಐತೇನ್ರಿ?"

ಟಂಟಂನಲ್ಲಿ ಕೆರೆ

ಬೈರಿಗೆಯ ಅಲಗು ತಯಾರಾಯಿತು. ಪರೀಕ್ಷೆ ಮಾಡಲು ಕೆರೆ ಬೇಕಲ್ಲ. ಮೀನು ಮಾರುವವರಿಗೆ ಬರ್ಫ ಕೊಡುವ ಫ್ಯಾಕ್ಟರಿಯಿಂದ ದೊಡ್ಡ ಗಡ್ಡೆಯೊಂದನ್ನು ಮೂರು ಗಾಲಿಯ ಟಂಟಂಗೆ ಏರಿಸಿ, ಗೋಣಿಚೀಲ ಹೊದಿಸಿ ಹೊರಟೆ. ತಿಂಗಳು ಏಪ್ರಿಲ್. ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಗೂಡ್ಸ್ ಗಾಡಿ ಬಂದು, ಏನು ಯೋಚನೆ ಬಂತೋ, ಗೇಟಿನ ಎದುರೇ ನಿಂತುಬಿಟ್ಟಿತು. ಹಿಂದೆ ಟಪಟಪ ನೀರು ಬೀಳುತ್ತಿದೆ. ನಾನು ಇಳಿದೆ, ಹತ್ತಿದೆ, ಗೇಟಿನವನ ಹತ್ತಿರ ಓಡಿದೆ, ಬೈಸಿಕೊಂಡು ವಾಪಸು ಬಂದೆ.

ಪಕ್ಕದ ಕಬ್ಬಿನ ಹಾಲಿನ ಗಾಡಿಯವನು ಹನಿ ಬೀಳುವುದನ್ನೇ ನೋಡುತ್ತಿದ್ದ. ಹೆಂಗೂ ಕರಗಿ ಹೋಗುತ್ತದೆ, ಒಂದು ತುಂಡು ಒಡೆದು ಕೊಡ್ರಿ ಎಂದ. ಕೊಡಲಾಗುವುದಿಲ್ಲ, ಇದಕ್ಕೆ ತೂತು ಹಾಕುವುದಿದೆ ಎಂದೆ. ತೂತು ಯಾಕೆ ಎಂದು ಕೇಳಿದ. ಮೀನು ಹಿಡಿಯಲಿಕ್ಕೆ ಎಂದೆ. ಅವನು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಬೇರೇನೂ ಕೇಳದೆ ಒಂದು ಗ್ಲಾಸು ಹಾಲು ತುಂಬಿ ಕೈಗಿಟ್ಟ.

"ಮೊದ್ಲ ಇದನ್ನ ಕುಡೀರಿ. ನೆಳ್ಳಾಗ ಕುಂದರ್ರಿ. ಬಿಸಲು ಭಾಳ ಐತಿ."

ತೂತಿನ ಪೂಜೆ

ಗಡ್ಡೆ ಅರ್ಧಕ್ಕರ್ಧ ಉಳಿದು ಬಂತು. ಬೈರಿಗೆಗೆ ಕುಂಕುಮ ಹಚ್ಚಿ ಕಾಯಿ ಒಡೆಯುವ ಹೊತ್ತಿಗೆ ನಮ್ಮ ಮಾಲಕರು ಎತ್ತಿದ ಕೈ ಅಲ್ಲೇ ನಿಲ್ಲಿಸಿದರು. ಮೊಟ್ಟೆಯನ್ನೂ ಮುಟ್ಟದ ಮನುಷ್ಯ. ಮೀನು ಕೊಲ್ಲುವ ಸಾಮಾನಿಗೆ ಪೂಜೆ ಮಾಡಬಹುದೋ ಬಾರದೋ ಎಂದು ಕಾಯಿ ಹಿಡಿದುಕೊಂಡೇ ಯೋಚಿಸತೊಡಗಿದರು. ಬರ್ಫ ಹರಿದು ಗಟಾರ ಸೇರುತ್ತಿತ್ತು, ನನಗೆ ಮುಳ್ಳಿನ ಮೇಲೆ ನಿಂತಂತಾಗಿತ್ತು. ಕಡೆಗೂ ಕಾಯಿ ಒಡೆದರು.

"ನಾವು ತೂತು ಅಷ್ಟ ಮಾಡತೇವಿ. ತೂತಿನಾಗಿಂದ ಏನ ತಗೀತಾರ, ಅದು ಅವರ ಕರ್ಮ."

ಸತ್ಕಾರ

ಅವತ್ತು ಬೈರಿಗೆ ಚೆನ್ನಾಗಿಯೇ ಕೊರೆಯಿತು. ವ್ಯಾಪಾರಿ ಖುದ್ದಾಗಿ ಮಾದರಿ ನೋಡಲು ಬಂದ ದಿನ ನಾನು ಮೈಯೆಲ್ಲ ಕಣ್ಣಾಗಿದ್ದೆ. ಅರ್ಧ ಅಡಿ ದಪ್ಪದ ಗಡ್ಡೆಯನ್ನು ಸಾಗವಾನಿ ಬೆಂಚಿನ ಮೇಲಿಟ್ಟು ಗೋಣಿಚೀಲ ಮುಚ್ಚಿದ್ದೆ. ಅವನು ಒಳಗೆ ಬಂದ ಕೂಡಲೇ ಕೊರೆದು ತೋರಿಸುವುದು ಎಂದು ಮಾತಾಗಿತ್ತು. ಆದರೆ ಮನೆಗೆ ಬಂದವರಿಗೆ ಸತ್ಕಾರ ಮಾಡದೆ ಕೆಲಸಕ್ಕೆ ಇಳಿಯುವುದು ಹೇಗೆ ಎಂದು ಮಾಲಕರು ಹಟ ಹಿಡಿದರು. ತಗಡಿನ ಶೆಡ್ಡಿನಲ್ಲಿ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಕೆಂಪು ಪೇಟಾ ಸುತ್ತಿ, ಶಾಲು ಹೊದಿಸಿ, ಮಾಲೆ ಹಾಕಿ, ಪೇಢೆ ತಿನ್ನಿಸಿದರು. ಆಮೇಲೆ ಎರಡೇ ಮಾತು ಎಂದು ಎದ್ದು ನಿಂತರು.

ಎರಡು ಮಾತು ಅವರ ಅಜ್ಜನ ಕುಲುಮೆಯಿಂದ ಶುರುವಾದವು. ಎರಡು ತಾಸಾದರೂ ಅವರು ಇನ್ನೂ ತಂದೆಯ ಕಾಲದಲ್ಲೇ ಇದ್ದರು. ನಾನು ಗಡಿಯಾರ ತೋರಿಸಿದೆ, ಕೆಮ್ಮಿದೆ, ಅವರ ಹಿಂದೆ ಹೋಗಿ ಅಂಗಿ ಜಗ್ಗಿದೆ. ಅವರು ಕೈ ಝಾಡಿಸಿ ಮುಂದುವರಿದರು. ಬೆಂಚಿನಿಂದ ಇಳಿದ ನೀರು ಹರಿದು ಹರಿದು ವ್ಯಾಪಾರಿಯ ಬೂಟಿಗೆ ಮುಟ್ಟಿತು. ಅವನು ಕೆಳಗೆ ನೋಡಿದ. ನಮ್ಮ ಒಂಬತ್ತು ಮಂದಿಯ ಅನ್ನವೇ ಹರಿದು ಹೋಗುತ್ತಿದೆ ಅನ್ನಿಸಿತು. ಮಾತಿನ ನಡುವೆಯೇ ಚಪ್ಪಾಳೆ ಶುರು ಹಚ್ಚಿದೆ. ಎಲ್ಲರೂ ತಟ್ಟಿದರು, ಭಾಷಣ ನಿಂತಿತು.

ಗೋಣಿಚೀಲ ಸರಿಸಿದರೆ ಗಡ್ಡೆ ಎರಡು ಬೆರಳು ದಪ್ಪ ಉಳಿದಿತ್ತು. ಚಾಚಾ ನನ್ನ ಮುಖ ನೋಡಿದರು. ಆಗಿದ್ದಾಗಲಿ ಎಂದು ಸನ್ನೆ ಮಾಡಿದೆ. ಅವರು ಹಿಡಿಕೆ ಎರಡು ಸುತ್ತು ತಿರುಗಿಸುವಷ್ಟರಲ್ಲಿ ಬೈರಿಗೆ ಬರ್ಫ ದಾಟಿ ಸಾಗವಾನಿಯೊಳಗೆ ಹೋಗಿ ಸಿಕ್ಕಿಕೊಂಡಿತು. ಚಾಚಾ ಜಗ್ಗಿದರು, ನಾನೂ ಜಗ್ಗಿದೆ, ಬೆಂಚೇ ಅಲುಗಿತು. ಬೈರಿಗೆ ಬರಲಿಲ್ಲ.

ವ್ಯಾಪಾರಿ ಪೇಟಾ ಸಮೇತ ಮೊಣಕಾಲೂರಿ ಕೂತ. ತೂತಿನ ಅಂಚಿಗೆ ಬೆರಳಾಡಿಸಿದ, ಬಗ್ಗಿ ನೋಡಿದ, ಮತ್ತೆ ಆಡಿಸಿದ. ಬೇಡ ಅನ್ನುವುದಾದರೆ ಬೇಗ ಅನ್ನಪ್ಪಾ ಎಂದು ನಾನು ಒಳಗೊಳಗೇ ಒದ್ದಾಡುತ್ತಿದ್ದೆ.

ಆಮೇಲೆ ಅವನು ಎದ್ದು ಹೇಳಿದ್ದನ್ನು ನಾನೇ ಎಲ್ಲರಿಗೂ ಕನ್ನಡದಲ್ಲಿ ಹೇಳಿದೆ. ದಪ್ಪ ಬರ್ಫವನ್ನು ಯಾರು ಬೇಕಾದರೂ ಕೊರೆಯುತ್ತಾರಂತೆ. ಅಲ್ಲಿ ಚಳಿ ಮುಗಿಯುವ ಹೊತ್ತಿಗೆ ಕೆರೆಯ ಗಡ್ಡೆ ಹೀಗೇ ಕರಗಿ ತೆಳ್ಳಗೆ ಜಾಳಾಗುತ್ತದೆ, ಆಗ ಬೈರಿಗೆ ಇಟ್ಟರೆ ಕೆಟ್ಟ ಅಲಗಿಗೆ ಅದು ಒಡೆದು ಚೂರಾಗುತ್ತದೆ. ನಮ್ಮ ಗಡ್ಡೆಗೆ ಒಂದು ಬಿರುಕೂ ಬಂದಿಲ್ಲ. ಇಂಥ ಪರೀಕ್ಷೆ ಮಾಡಿ ತೋರಿಸಿದವರು ಇದುವರೆಗೆ ಯಾರೂ ಇಲ್ಲ. ಮಾದರಿ ಪಾಸು.

ಚಾಚಾ ಅಲ್ಲೇ ನೆಲಕ್ಕೆ ಕೂತುಬಿಟ್ಟರು. ನನ್ನ ಕಣ್ಣು ತುಂಬಿ ಬಂತು. ಮಾಲಕರು ಮಾತ್ರ ನಿಧಾನವಾಗಿ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಮತ್ತ ನಾ ಭಾಷಣ ಅಷ್ಟ ಉದ್ದ ಯಾಕ ಎಳದೆ ಅಂತೀರಿ? ಬರ್ಫ ಹದಕ್ಕ ಬರಬೇಕಲ್ಲ. ನೀವು ನಡುವ ಚಪ್ಪಾಳಿ ಬಡದು ಎಲ್ಲಾ ಕೆಡಸ್ತಿದ್ರಿ."